ಕೂತು ಮಾಡುವ ಕೆಲಸ

ಹುಣಸೂರಿನ ಆಸ್ಪತ್ರೆಯ ಮುಂದೆ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಗಂಡ ಹೆಂಡತಿ ಕೂತಿದ್ದರು. ಗಂಡನ ಎದೆ ಸುಯ್ಯೆನ್ನುತ್ತಿತ್ತು.

“ಆಸ್ತಮಾ ಇದ್ರೂ ದಿನಾ ನಡೀಬೇಕು ಅಂದ್ರಲ್ಲಮ್ಮಿ ಡಾಕ್ಟ್ರು.”

“ನಿಮ್ಮಪ್ಪ ನಡ್ಕೊಂಡು ಹೊಲಕ್ಕೋಗಿ ಉಬ್ಬಸ ಬಂದೇ ಸತ್ತಿದ್ದು.”

“ಅವ್ರತ್ರ ಈ ಔಷ್ದಿ ಪಂಪಿರ್ಲಿಲ್ಲ. ಇದನ್ನ ಎಳ್ಕೊಂಡು ನಿಧಾನಕ್ಕೆ ನಡುದ್ರೆ ಎದೆ ಗಟ್ಟಿಯಾಯ್ತದಂತೆ.”

“ಬ್ಯಾಡ ಅಂದ್ರೆ ಬ್ಯಾಡ.”

“ಕೂತೂ ಕೂತೂ ಬಚ್ಚಲಿಗೋಗೋಕೂ ಆಯ್ತಿಲ್ಲ ಕಣೆ.”

“ಬೇಜಾರಾದ್ರೆ ಕೂತೇ ಮಾಡೋ ಕೆಲ್ಸ ಅದೆ. ನಾಳಿಂದ ಹೊಗೆಸೊಪ್ಪು ಬೇಯ್ಸೋ ಬ್ಯಾರನ್ ಮನೆ ಒಲೆಗೆ ಸೌದೆ ಆಕ್ತಾ ಕೂತ್ಕಳಿ.”

“ಹೊಗೆ?”

“ಟವಲ್ ಕಟ್ಕಳಿ.”

ಗಾವಡಗೆರೆ ಬಸ್ಸು ಬಂತು. ಗಂಡ ಅವಸರದಲ್ಲಿ ಏಳಹೊರಟರು. ಹೆಂಡತಿ ಗಾಬರಿಯಿಂದ ತೋಳು ಹಿಡಿದುಕೊಂಡರು.

“ನಿಧಾನ ಕಣ್ರೀ. ನಂಗಿರೋದು ನೀವೊಬ್ರೇ.”