ಏಳನೇ ಕೋಣೆಯ ಫಲಕದ ವಿಚಾರ

ನನ್ನ ಹೆಸರು ಇದಲೀನಾ ಬ್ರೆತಿಶ್, ತಂದೆ ದಿವಂಗತ ಜೆಫೆರೀನು, ವಯಸ್ಸು 68 ವರ್ಷ, ಮೊದಲು ಮೀನು ಡಬ್ಬಿ ಕಾರ್ಖಾನೆಯಲ್ಲಿ ಕೆಲಸ, ಈಗ ನಿವೃತ್ತಿ. ವಾಸ ಪೋರ್ತು ದ ವೇಲಾ ಊರಿನ ಬಲೆಗಾರರ ಬೀದಿ, ಮನೆ ನಂಬರ್ 31. ಪೊಲೀಸರು ಕರೆಯದೆಯೇ ನಾನಾಗಿ ಠಾಣೆಗೆ ಬಂದು ಬರೆಸುವುದೇನೆಂದರೆ:

ಇಂದು ಭಾನುವಾರ ಬೆಳಿಗ್ಗೆ 10.20ಕ್ಕೆ ನಾನು ಮತ್ತು ನನ್ನ ಗಂಡ ಅರ್ಮಿಂದು, 72 ವರ್ಷ, ಮನೆಯಿಂದ ಹೊರಟು ಒಂದು ಕಿಲೋಮೀಟರ್ ದೂರದ ಸಂತ ತದೇವು ಕೋಟೆಗೆ ಹೋದೆವು. ಸರ್ವಾಧಿಕಾರದ ಕಾಲದಲ್ಲಿ ಅದು ರಾಜಕೀಯ ಕೈದಿಗಳ ಜೈಲಾಗಿತ್ತು. ನನ್ನ ತಂದೆಯನ್ನು 1963ರಿಂದ 1969ರವರೆಗೆ ಅಲ್ಲಿ ಇಟ್ಟಿದ್ದರು. ತಿಂಗಳಿಗೊಮ್ಮೆ ಗಾಜಿನ ಈಚೆ ನಿಂತು ಅವರನ್ನು ನೋಡುತ್ತಿದ್ದೆ. ಅವರು ಬಿಡುಗಡೆಯಾದ ಮೇಲೆ ನಾನು ಆ ಬಾಗಿಲು ತುಳಿದಿರಲಿಲ್ಲ. ಕಳೆದ ತಿಂಗಳು ಕೋಟೆಯನ್ನು ಜನರಿಗೆ ತೆರೆದರೆಂದು ತಿಳಿದು ಹೊರಟೆ. ಗಂಡ ಮಂಡಿ ನೋವು ಎಂದರು, ಮೋಡವಾಗಿದೆ ಎಂದರು. ನಾನು ಕೊಡೆ ತೆಗೆದುಕೊಂಡು ಅವರನ್ನೂ ಎಳೆದುಕೊಂಡು ಹೋದೆ.

ಮಾರ್ಗದರ್ಶಿ ಬ್ರೀಜಿದಾ ಎಂಬ ಹುಡುಗಿ, ಸುಮಾರು 25 ವರ್ಷ, ನಮ್ಮಿಬ್ಬರನ್ನೂ ಸೇರಿಸಿ 14 ಜನರನ್ನು 11.05ಕ್ಕೆ ಏಳನೇ ಕೋಣೆಗೆ ಕರೆದೊಯ್ದಳು. ಕೋಣೆಯ ಉದ್ದ ನಾಲ್ಕು ಹೆಜ್ಜೆ. ತಂದೆ ಮನೆಗೆ ಬಂದ ಮೇಲೂ ನಾಲ್ಕು ಹೆಜ್ಜೆ ನಡೆದು ತಿರುಗುತ್ತಿದ್ದರು. ಏಕೆಂದು ಇಂದು ತಿಳಿಯಿತು.

ಗೋಡೆಯ ಫಲಕ ತೋರಿಸಿ ಆಕೆ ವಿವರಿಸಿದಳು: 1965ರ ಫೆಬ್ರವರಿಯಲ್ಲಿ ಐದು ಕೈದಿಗಳು ಹೊದಿಕೆ ಹರಿದು ಹಗ್ಗ ಹೊಸೆದು ಸಮುದ್ರದ ಕಡೆ ಗೋಡೆ ಇಳಿದರು, ಕಾವಲುಗಾರರು ಕೆಳಗೆ ಮೊದಲೇ ಕಾದಿದ್ದರು, ಒಬ್ಬ ಬಂಡೆಗೆ ಬಿದ್ದು ಸತ್ತ, ಗುಟ್ಟು ಬಿಟ್ಟುಕೊಟ್ಟವನು ಈ ಕೋಣೆಯ ಜೆಫೆರೀನು ಬ್ರೆತಿಶ್. ಹಿಂದಿನಿಂದ ಯಾರೋ, "ಥೂ, ಎಂಥಾ ಮನುಷ್ಯ!" ಎಂದರು.

ನಾನು ಜೆಫೆರೀನು ಅವರ ಮಗಳೆಂದು ಹೇಳಿ, "ಗುಟ್ಟು ಹೇಳಿದವನನ್ನ ಇನ್ನೂ ನಾಲ್ಕು ವರ್ಷ ಯಾಕಮ್ಮಾ ಕೂಡಿ ಹಾಕ್ತಾರೆ? ಬಲಗೈ ಮೂರು ಬೆರಳು ಯಾಕೆ ಮುರೀತಾರೆ?" ಎಂದು ಕೇಳಿದೆ. ಹುಡುಗಿ, "ಅಜ್ಜೀ, ನಾನು ಕಟ್ಟಿ ಹೇಳ್ತಿಲ್ಲ. ನಿಮ್ಮೂರವರೇ ಬರೆಸಿ ಸಹಿ ಹಾಕಿದ್ದಾರೆ" ಎಂದು ಕೈಯಲ್ಲಿದ್ದ ಕಡತದಿಂದ ಆ ಹೇಳಿಕೆಯ ಎರಡು ಹಾಳೆ ತೆಗೆದು ಕೊಟ್ಟಳು. ಕೆಳಗಿದ್ದ ಸಹಿ ಅರ್ಮಿಂದುವಿನದು. 46 ವರ್ಷದಿಂದ ನೋಡಿದ ಸಹಿ. ತಿರುಗಿ ನೋಡಿದರೆ ಆತ ಬಾಗಿಲು ದಾಟಿಯಾಗಿತ್ತು.

11.20ಕ್ಕೆ ಅಂಗಳದ ಮೆಟ್ಟಿಲ ಬಳಿ ಹಿಡಿದು ನಿಲ್ಲಿಸಿ, ಹೀಗೇಕೆ ಬರೆಸಿದೆಯೆಂದು ಕೇಳಿದೆ. "ಮತ್ತೆ ಅಬೀಲಿಯು ಹೆಸರು ಹೇಳೋಕಾಗತ್ತಾ ಮಾರಾಯ್ತಿ? ಅವನ ಮಕ್ಕಳು ಮೊಮ್ಮಕ್ಕಳು ಈ ಊರಲ್ಲಿ ತಲೆಯೆತ್ತಿ ಓಡಾಡಬೇಡ್ವಾ?" ಎಂದನು. ಅಬೀಲಿಯು ಇವನ ಅಣ್ಣ. ಜೈಲಿನಲ್ಲಿ ತಂದೆಯ ಪಕ್ಕದ ಕೋಣೆಯಲ್ಲಿದ್ದ. ಆ ಕೈದಿಗಳು ಸಿಕ್ಕಿಬಿದ್ದ ಮೂರೇ ವಾರಕ್ಕೆ ಬಿಡುಗಡೆಯಾಗಿ ಬಂದಿದ್ದ. ಊರು ಪಿಸುಗುಟ್ಟಿದಾಗ ಅವನ ಪರ ಜಗಳವಾಡಿದವಳು ನಾನು. ಅವನು ಸತ್ತಾಗ ಬಂದವರಿಗೆಲ್ಲ ಸಾರು ಕಾಯಿಸಿದವಳೂ ನಾನು.

ಇವನು ಮುಂದುವರಿದು, "ನಿಮ್ಮಪ್ಪಂಗಾದ್ರೆ ಯಾರಿದ್ದಾರೆ? ಹೆಸರು ಹೇಳೋಕೆ ಒಂದು ಗಂಡು ದಿಕ್ಕೂ ಇಲ್ಲ" ಎಂದನು.

"ಹಾಗಾದ್ರೆ ನಾನ್ಯಾರು?" ಎಂದೆ.

"ನೀನು ನಮ್ಮನೆಯವಳಲ್ವಾ?" ಎಂದನು.

ಆಗ ಕೊಡೆಯಿಂದ ಹೊಡೆದೆ. ಮೊದಲನೆಯದು ಭುಜಕ್ಕೆ, ಎರಡನೆಯದು ಹಣೆಗೆ. ಹಿಡಿ ಮರದ್ದು. ಆತ ಮೆಟ್ಟಿಲ ಮೇಲೆ ಕುಸಿದನು. ಬ್ರೀಜಿದಾ ಓಡಿಬಂದು ತನ್ನ ಕರವಸ್ತ್ರದಿಂದ ರಕ್ತ ಒತ್ತಿ ಹಿಡಿದಳು. ಆ ಹುಡುಗಿಯದು ಏನೂ ತಪ್ಪಿಲ್ಲ, ಅದನ್ನೂ ಬರೆದುಕೊಳ್ಳಬೇಕು.

12.10ಕ್ಕೆ ಆರೋಗ್ಯ ಕೇಂದ್ರದಲ್ಲಿ ಮೂರು ಹೊಲಿಗೆ ಹಾಕಿದರು. ಅಲ್ಲಿಗೆ ಬಂದ ನಿಮ್ಮ ಠಾಣೆಯ ಪೇದೆಯವರ ಬಳಿ ಆತ, "ಮೆಟ್ಟಿಲು ಒದ್ದೆಯಾಗಿತ್ತು, ಜಾರಿ ಬಿದ್ದೆ ಅಂತ ಬರ್ಕೊಳ್ಳಿ ಸ್ವಾಮಿ" ಎಂದು ಹೇಳಿ, ನಾನೂ ಹೌದೆನ್ನಲೆಂದು ಕಣ್ಸನ್ನೆ ಮಾಡಿದನು. ಪೇದೆಯವರು ಹಾಗೆಯೇ ಬರೆದುಕೊಂಡರು. ಆತ ಸಹಿ ಹಾಕಿದನು.

ಅದಕ್ಕೇ ನಾನು ಇಲ್ಲಿಗೆ ಬಂದದ್ದು. ಇಂದು ಮಳೆ ಬಂದಿಲ್ಲ. ಮೆಟ್ಟಿಲು ಒಣಗಿತ್ತು. ಆತ ಜಾರಲಿಲ್ಲ, ನಾನು ಹೊಡೆದೆ, ಬುದ್ಧಿ ನೆಟ್ಟಗಿದ್ದೇ ಹೊಡೆದೆ. ನನ್ನ ಮೇಲೆ ಏನು ಕ್ರಮ ಬೇಕಾದರೂ ಜರುಗಿಸಬಹುದು. ಆದರೆ ಆತನ ಸಹಿ ಇರುವ ಒಂದು ಸುಳ್ಳು ಕೋಟೆಯ ಗೋಡೆಯ ಮೇಲಿದೆ. ಇನ್ನೊಂದು ನಿಮ್ಮ ಕಡತ ಸೇರಲು ನಾನು ಬಿಡುವುದಿಲ್ಲ.

ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದ್ದೇನೆ. ನಾನು ಹೇಳಿದ್ದೇ ಇದೆ, ಹೆಚ್ಚಿಲ್ಲ, ಕಡಿಮೆಯಿಲ್ಲ.

ಸ್ಥಳ: ಪೋರ್ತು ದ ವೇಲಾ ಠಾಣೆ
ದಿನಾಂಕ: 13-10-2019, ಮಧ್ಯಾಹ್ನ 2.35
ಸಹಿ: ಇದಲೀನಾ ಬ್ರೆತಿಶ್