ಮುಖಕ್ಕೆ ಪ್ಯಾಕು, ತಲೆಮೇಲೆ ತಗಡು

ಶ್... ಮಾತಾಡ್ಬೇಡಿ ಮೇಡಂ! ತುಟಿ ಅಲ್ಲಾಡಿಸಿದ್ರೆ ಪ್ಯಾಕು ಬಿರುಕು ಬಿಡುತ್ತೆ. ಆಮೇಲೆ ನಾಳೆ ಮೀಟಿಂಗ್ ಫೋಟೋದಲ್ಲಿ ನಮ್ಮ ವಾರ್ಡ್ ಮೆಂಬರ್, ಅಂದ್ರೆ ನಿಮ್ಮ ಮುಖ ನೋಡೋ ಹಾಗಿರಲ್ಲ. ಹೂಂ ಅನ್ನೋದೂ ಬೇಡ. ಏನಿದ್ರೂ ಕಣ್ಣಲ್ಲೇ ಹೇಳಿ.

ಫ್ಯಾನಾ? ಅಯ್ಯೋ, ಕರೆಂಟ್ ಹೋಯ್ತಲ್ಲ! ನೀವು ಒಳಗೆ ಕಾಲಿಟ್ರಿ, ಅದು ಹೋಯ್ತು. ನಿಮ್ಮನ್ನ ಕಂಡ್ರೆ ಅದಕ್ಕೂ ಭಯ... ನಗ್ಬೇಡಿ ಅಂದ್ನಲ್ಲ! ಹೌದು, ಯಾವಾಗ್ಲೂ ನಾನೇ ನಿಮ್ಮನೆಗೆ ಬಂದು ಮಾಡ್ತಿದ್ದೆ. ಏನ್ಮಾಡ್ಲಿ, ಕಾಲು ಉಳುಕಿದೆ. ಇದೇ, ಬಲಗಾಲು. ಆಗ್ಲೇ ಎಡಗಾಲು ಕುಂಟ್ತಿದ್ನಾ? ಹಾಗಾದ್ರೆ ಎರಡೂ ಅಂತಿಟ್ಕೊಳ್ಳಿ.

ಸೆಕೆನಾ? ಒಳ್ಳೇದೇ ಆಯ್ತು ಬಿಡಿ! ಪಾರ್ಲರಲ್ಲಿ ಮುಖಕ್ಕೆ ಹಬೆ ಕೊಡೋಕೆ ಬೇರೆ ಚಾರ್ಜು. ನಮ್ಮನೇಲಿ ತಗಡೇ ಆ ಕೆಲಸ ಮಾಡುತ್ತೆ, ಬಿಟ್ಟಿ! ಮಧ್ಯಾಹ್ನ ಆದ್ರೆ ಸ್ಟೌ ಹಚ್ಚಬೇಕಾ ಬೇಡ್ವಾ ಅಂತ ಯೋಚ್ನೆ.

ಅದೇ, ನಿಮ್ಮ ಬಿಸಿಲಿನ ಯೋಜನೆ... ಚಾವಣಿಗೆಲ್ಲ ಬಿಳಿ ಬಣ್ಣ ಬಳಿದು ಮನೆ ತಂಪು ಮಾಡ್ತೀರಂತಲ್ಲ. ನಾಳೆ ಮೀಟಿಂಗಲ್ಲಿ ನೀವು ಕೈ ಎತ್ತೋದು ಅದಕ್ಕೇ ಅಲ್ವಾ? ತುಂಬಾ ಸಂತೋಷ. ಆದ್ರೆ ಕಾಂಕ್ರೀಟ್ ಮನೆಗಳಿಗೆ ಮಾತ್ರವಂತೆ! ನಮ್ಮ ಓಣಿಯವೆಲ್ಲ ‘ತಾತ್ಕಾಲಿಕ’ವಂತೆ. ಆಹಾ, ಏನು ಪದ ಮೇಡಂ! ನಮ್ಮತ್ತೆ ಮದುವೆಯಾಗಿ ಬಂದಿದ್ದು ಈ ತಾತ್ಕಾಲಿಕಕ್ಕೆ. ನನ್ನ ಗಂಡ ಹುಟ್ಟಿದ್ದು ಈ ತಾತ್ಕಾಲಿಕದಲ್ಲಿ. ಅದಕ್ಕೇ ಇರ್ಬೇಕು, ಯಾವ ಕೆಲಸದಲ್ಲೂ ನಿಲ್ಲಲ್ಲ! ನೋಡಿ, ನೋಡಿ, ಕೆನ್ನೆ ಹತ್ರ ಬಿರುಕು ಬಂತು! ಏಸಿ ಇರೋ ಮನೆಗೆ ಬಣ್ಣ, ಬೇಯೋ ಮನೆಗೆ ‘ಮುಂದೆ ನೋಡೋಣ’. ನಾನೇನೂ ಹೇಳ್ತಿಲ್ಲಪ್ಪ, ಮುಖಕ್ಕೆ ಬಳಿಯೋಳು ನಾನು, ಚಾವಣಿ ವಿಷ್ಯ ನನಗ್ಯಾಕೆ?

ಅತ್ತೆಯಾ? ಮನೇಲಿಲ್ಲ. ಮಗಳ ಹತ್ರ ಹೋಗಿದ್ದಾರೆ, ಅಲ್ಲಿ ತಂಪು. ಆ ಪರದೆನಾ? ಹಿಂದೆ ಏನಿಲ್ಲ, ಹಳೇ ಬಟ್ಟೆ ಗಂಟು. ಗಾಳಿಗೆ ಅಲ್ಲಾಡ್ತಿದೆ ಅಷ್ಟೆ... ಗಾಳಿ ಎಲ್ಲಿದೆ ಅಂತೀರಾ? ಹೌದಲ್ವಾ... ಬನ್ನಿ, ಬನ್ನಿ, ಮುಖ ತೊಳೆಯೋಣ.

ಆಯ್ತು! ಏನ್ ಹೊಳೀತಿದೆ ಮೇಡಂ! ಇನ್ನು ಎಷ್ಟು ಬೇಕಾದ್ರೂ ಮಾತಾಡಿ.

...ಮೇಡಂ?

ಯಾಕೆ ಹಾಗೆ ನೋಡ್ತೀರಿ? ಪಕ್ಕದ್ಮನೆ ಟಿವಿ... ಹೌದು, ಓಡ್ತಿದೆ. ಓಣಿಗೆಲ್ಲ ಕರೆಂಟಿದೆ. ನಾನೇ ಮೇನ್ ಸ್ವಿಚ್ ಆರಿಸಿದ್ದು. ಬೈರಿ, ಬೈಬಾರ್ದಾ? ಯಾಕೆ ಎದ್ರಿ? ಎಲ್ಲಿಗೆ? ಬಾಗಿಲು ಈ ಕಡೆ! ಬೇಡ, ಪರದೆ ಸರಿಸ್ಬೇಡಿ...

ಅಯ್ಯೋ.

ಹೌದು, ನಮ್ಮತ್ತೆ. ಇರಿ, ಮೊದ್ಲು ಮೇನ್ ಹಾಕಿ ಫ್ಯಾನ್ ಬಿಡ್ತೀನಿ... ಹಾಂ. ಹೋದ ವಾರ ಸೆಕೆಗೆ ಎಚ್ಚರ ತಪ್ಪಿ ಬಿದ್ದಿದ್ರು, ಆವಾಗಿಂದ ಹೀಗೇ ಒದ್ದೆ ಬೆಡ್‌ಶೀಟ್ ಹೊದ್ದು ಮಲಗ್ತಾರೆ. ನಾನು ಬೇಡ ಅಂದೆ, ದೇವರಾಣೆಗೂ ಬೇಡ ಅಂದೆ! ಇವ್ರೇ ಹಟ ಹಿಡಿದ್ರು. “ಫ್ಯಾನ್ ಆರಿಸೇ, ನಾನು ತಡ್ಕೋತೀನಿ, ಅವಳಿಗೂ ಸ್ವಲ್ಪ ಗೊತ್ತಾಗ್ಲಿ” ಅಂತ. ಕ್ಷಮಿಸಿ, ‘ಅವಳು’ ಅಂದಿದ್ದು ಅವ್ರೇ. ಇವ್ರಿಗೆ ಏನಾಗುತ್ತೋ, ಎಲ್ಲಿ ಕೆಮ್ಮಿ ಸಿಕ್ಕಿಬೀಳ್ತೀವೋ ಅಂತ ಭಯ ಮೇಡಂ, ಅದಕ್ಕೇ ಇಷ್ಟು ಹರಟಿದ್ದು. ಮುಟ್ಟಿ, ಪರವಾಗಿಲ್ಲ... ಹಣೆ ಸುಡ್ತಿದೆಯಲ್ಲ?

ಅತ್ತೇ, ಮೆಂಬರ್ ಮೇಡಂ ಕೈ ಕಣ್ರೀ ಇದು. ಸಿಕ್ಕಿಬಿದ್ವಿ. ಇನ್ನು ಬಾಯಿ ಮುಚ್ಕೊಂಡು ತಡ್ಕೋಬೇಡಿ, ಕೆಮ್ಮಿಬಿಡಿ.