ಒಂದು ನಿಮಿಷದ ಕರೆಂಟು

...ಆ ಖುರ್ಚಿ ಬ್ಯಾಡ್ರಿ ವೈನಿ, ಅದರ ಕಾಲು ಮುರದೈತಿ. ಇಲ್ಲೆ ಕುಂದರ್ರಿ, ಫ್ಯಾನಿನ ಕೆಳಗ. ಚಾ ತರಸ್ಲಿ? ಬ್ಯಾಡ? ಹೋಗ್ಲಿ ಬಿಡ್ರಿ. ಲಕ್ಕಲಕಟ್ಟಿಯಿಂದ ಇಂಥಾ ಬಿಸಲಾಗ ನರೇಗಲ್ಲಿಗೆ ಬಂದೀರಿ, ನೀರರ ಕುಡೀರಿ. ನಾನ ನಿಮ್ಮ ಮನಿಗೆ ಬರಾಂವ ಇದ್ದೆ, ಖರೇನ. ಮಣ್ಣಿಗೆ ಬಂದಾಗ ನಿಮ್ಮನ್ನ ಮಾತಾಡಸಾಕ ಧೈರ್ಯ ಆಗ್ಲಿಲ್ಲ.

ನಿಮ್ಮ ಗಂಡ ಯಮನೂರಣ್ಣ ನನಗ ಬರೇ ಓಣಿ ಲೈನ್‌ಮನ್ ಅಲ್ರಿ. ಒಡಹುಟ್ಟಿದ ಅಣ್ಣ ಇದ್ದಂಗ ಇದ್ದ. ಕಂಬದಿಂದ ಬಿದ್ದಾಗ ಮದಲ ಓಡಿದಾಂವ ನಾನ. ಗದಗ ದವಾಖಾನಿ ಮುಟ್ಟೂ ತನಕ ಅವನ ತಲಿ ನನ್ನ ತೊಡಿ ಮ್ಯಾಲ ಇತ್ತು... ಅಳಬ್ಯಾಡ್ರಿ ಅನ್ನಾಕ ಹೊಂಟಿದ್ದೆ. ನೀವು ಅಳಾಕತ್ತೇ ಇಲ್ಲ.

ಕೈಗೆ ಏನಾತಂದ್ರಿ? ಇದಾ, ಈ ಪಟ್ಟಿ? ಏನಿಲ್ರಿ. ಬೆಸಗಿ ಹಾಕೂ ಮುಂದ ಸುಟ್ಟಕೊಂಡೆ. ಈ ಮಿಷನ್ ಸಲುವಾಗಿನ.

ಇದ ಸರ್ವರ್ರಿ. ಹೊಟ್ಟಿ ತಗದ ಇಟ್ಟೀನಿ ಅಂತ ಹಂಗ ಕಾಣತೈತಿ. ನಮ್ಮ ಸಹಕಾರಿ ಸಂಘದ ಲೆಕ್ಕಪತ್ರ ಎಲ್ಲಾ ಇದರಾಗ. ಆವತ್ತ ಬಿದ್ದದ್ದು, ಇನ್ನೂ ಎದ್ದಿಲ್ಲ. ರ್‍ಯಾಮ್ ತಗದ ಹಾಕಿದೆ, ಸೆಲ್ ಬಿಚ್ಚಿದೆ, ಪವರ್ ಸಪ್ಲೈ ಬದಲಿ ಮಾಡಿದೆ... ಫ್ಯಾನ್ ತಿರಗತಾವು, ಪರದಿ ಮಾತ್ರ ಕರ್‍ರಗ. ಮುಂಜಾನೆ ಹುಬ್ಬಳ್ಳಿಗೆ ಫೋನ್ ಹಚ್ಚಿದೆ. ಒಳಗೊಂದ ಸಣ್ಣ ಪಿನ್ ಐತಿ, ಅದನ್ನ ಸರಿಸಿ ಫ್ಲಾಪಿ ಹಾಕಿ ಸುಮ್ನ ಬಿಡ್ರಿ, ತಾನ ಓದ್ಕೊಂಡ ಏಳತೈತಿ ಅಂದ್ರು. ಈಗ ಹಾಕಿ ಬಿಟ್ಟೀನಿ. ಎದ್ರ ಒಂದ ಸಲ ಬೀಪ್ ಅಂತೈತಿ. ಏಳಲಿಲ್ಲಂದ್ರ ನನ್ನ ನೌಕರಿ ಹೋದಂಗ.

ಹೌದ್ರಿ, ನೀವ ಮಿಷನ್ ಕತಿ ಕೇಳಾಕ ಬಂದಿಲ್ಲ. ಆವತ್ತ ಏನಾತು, ಅದನ್ನ ಕೇಳಾಕ ಬಂದೀರಿ. ಹೇಳ್ತೀನ್ರಿ, ಮುಚ್ಚಿಡೂದ ಏನೈತಿ?

ಈ ಮಿಷನ್‌ನಾಗ ಒಂದ ಸಣ್ಣ ಚಿಪ್ ಇರತೈತಿ. ತಾನ್ಯಾರು, ತನ್ನ ಕೈಕಾಲು ಎಲ್ಲೆದಾವು ಅನ್ನೂದು ಅದರಾಗ ಬರದಿರತಾರ. ಫರ್ಮ್‌ವೇರ್ ಅಂತಾರ. ಅದನ್ನ ಹೊಸದಾಗಿ ಬರಿಯಾಕ ಹಚ್ಚಿ ಕುಂತಿದ್ದೆ. ನಡುವ ಕರೆಂಟ್ ಹೋದ್ರ ಅಲ್ಲಿಗೆ ಮುಗೀತು, ಮಿಷನ್ ಹೆಣ. ಅಷ್ಟರಾಗ ಯಮನೂರಣ್ಣ ಕಿಟಕಿಯಿಂದ ಹೇಳಿದ, ತಮ್ಮಾ, ಕಂಬ ಏರತೀನಿ, ಕರೆಂಟ್ ತಗೀತೀನಿ ಅಂತ. ನಾ ಹೂಂ ಅಂದೆ. ಯುಪಿಎಸ್ ಐತೆಲ್ಲ ಅನ್ನೂ ಧೈರ್ಯ. ಕರೆಂಟ್ ಹೋತು. ಸ್ವಲ್ಪ ಹೊತ್ತಿಗೆ ಯುಪಿಎಸ್ ಕುಂಯ್ ಕುಂಯ್ ಅನ್ನಾಕ ಹತ್ತಿತು... ಹಳೀ ಬ್ಯಾಟರಿ. ಇನ್ನೊಂದ ನಿಮಿಷ ತಡದಿದ್ರ ಸಾಕಿತ್ರಿ. ಹೊರಗ ಓಡಿದೆ... ಇಲ್ಲ, ಹೊರಗ ಹೋಗಿಲ್ಲ. ಬಾಗಲದಾಗ ನಿಂತ ಕೂಗಿದೆ, ಅಣ್ಣಾ, ಒಂದ ನಿಮಿಷ ಕರೆಂಟ್ ಕೊಡಪಾ ಅಂತ. ಅಷ್ಟರಾಗ ಕರೆಂಟ್ ಬಂತು. ಬಂದದ್ದ ಟಪ್ ಅಂತ ಹೋತು. ಮಿಷನ್ನೂ ಹೋತು. ಆಮ್ಯಾಲ ಮಂದಿ ಚೀರಿದ್ದ ಕೇಳ್ತು.

ಹ್ಯಾಂಗ ಬಂತಂದ್ರ? ಅದ ನನಗ ಹ್ಯಾಂಗ ಗೊತ್ತಿರಬೇಕ್ರಿ... ಟಿಸಿ, ಆ ಟ್ರಾನ್ಸ್‌ಫಾರ್ಮರಿನ ಫ್ಯೂಜ ತಗಿಯೂದ ಮರತಿರಬೇಕು. ಟಿಸಿದಾಗ ಫ್ಯೂಜ ಹಂಗ ಇತ್ತು, ಬಂದವ್ರೆಲ್ಲಾ ನೋಡ್ಯಾರ. ಕರೆಂಟಿನ ಆಫೀಸಿನವ್ರೂ ಅವನ ತಪ್ಪು ಅಂತನ ಬರಕೊಂಡ ಹೋಗ್ಯಾರ. ನನ್ನ ಕೇಳಿದ್ರು, ನಾನೂ ಹಂಗ ಹೇಳಿದೆ. ಚಲೋ ಮನಷ್ಯಾ ಇದ್ದ ಬಿಡ್ರಿ, ಆದ್ರ ಮರವು ಯಾರಿಗಿಲ್ಲ?

ಯಾಕ್ರಿ ತಲಿ ಅಲ್ಲಾಡಸತೀರಿ?

ಫ್ಯೂಜ ತಗೀದ ಇದ್ರ ಮದಲ ಕರೆಂಟ್ ಹ್ಯಾಂಗ ಹೋತು... ಹಾಂ. ಅದೂ ಖರೇ. ಮತ್ತ... ತಗದು, ತಾನ ತಿರಗಿ ಹಾಕಿರಬೇಕು. ಹಾಕಿ ಏರಿರಬೇಕು. ಮನಿ ಚಿಂತಿ ಏನರ ಇತ್ತೇನು ಅವಗ?

ಫಕೀರಸಾಬ ಏನರ ಅಂದನೇನ್ರಿ? ಅವನ ಚಾದಂಗಡಿ ಟಿಸಿ ಎದುರಿಗೆ ಐತಿ, ಖರೆ. ಆದ್ರ ಆ ಹೊತ್ತಿನ್ಯಾಗ ಅಂವ ಬಾಕದ ಮ್ಯಾಲ ನಿದ್ದಿ ಹೊಡ್ಯಾಕತ್ತಿದ್ದ. ನಾನ ನೋಡೀನಿ...

ಇಲ್ಲ. ಬಾಗಲದಾಗಿಂದ ಕಾಣತೈತಿ. ಸ್ವಲ್ಪ ಕಾಣತೈತಿ.

ಏನ್ರಿ ಅದು ಸೆರಗಿನ್ಯಾಗ? ದವಾಖಾನ್ಯಾಗ ಕೊಟ್ರಾ? ಅವನ ನಡದ ಚೀಲದಾಗ ಇತ್ತಾ? ಮೇಜಿನ ಮ್ಯಾಲ ಇಡಬ್ಯಾಡ್ರಿ ವೈನಿ, ಅದನ್ನ ತಗೀರಿ ಅಲ್ಲಿಂದ.

...ಫ್ಯೂಜು.

ಗೊತ್ತೈತ್ರಿ ನನಗ. ಫ್ಯೂಜ ಕಿತ್ತು ಚೀಲದಾಗ ಇಟ್ಕೊಂಡ ಕಂಬ ಏರತಿದ್ದ ಅಂವ. ಯಾರೂ ತಿರಗಿ ಹಾಕಬಾರದಂತ. ನಾ ಚಾಷ್ಟಿ ಮಾಡತಿದ್ದೆ, ಊರ ಕರೆಂಟ್ ನಡಕ್ಕ ಕಟ್ಕೊಂಡ ಅಡ್ಡಾಡತೀಯಲ್ಲೋ ಅಣ್ಣಾ ಅಂತ. ನಗತಿದ್ದ.

ಹಂಗಾರ ಟಿಸಿದಾಗ ಇದ್ದ ಫ್ಯೂಜ ಯಾರದು ಅಂತ... ನೀವ ಕೇಳವಲ್ಲಿರಿ. ಯಾಕ ಕೇಳವಲ್ಲಿರಿ? ಮಾತಾಡ್ರಿ ವೈನಿ. ಬೈಯ್ರಿ. ಹಿಂಗ ನನ್ನ ಕೈ ನೋಡಬ್ಯಾಡ್ರಿ.

ಬೆಸಗಿದು ಅಂತ ಹೇಳಿದ್ನಲ್ಲ...

ಟಿಸಿ ಬುಡಕ ಒಂದ ಹಳೀ ಫ್ಯೂಜ ಬಿದ್ದಿತ್ತು. ತಂತಿ ಸುತ್ತಿ ಒತ್ತಿದೆ. ಬೆಂಕಿ ಹಾರಿ ಕೈ ಸುಟ್ಟಿತು. ಕೂಗಿದ್ದಂತೂ ಖರೇರಿ, ನಿಮ್ಮಾಣಿ. ಅಂವ ಹೂಂ ಅಂದಂಗಾತು. ಈಗ ನೆನಸಿದ್ರ... ಅಂದೇ ಇಲ್ಲ ಅಂವ. ಒಂದ ನಿಮಿಷ ಬೇಕಾಗಿತ್ರಿ ನನಗ, ಒಂದ ನಿಮಿಷದ ಕರೆಂಟು. ಅದ ಸಿಗಲಿಲ್ಲಂದ್ರ ಮಿಷನ್ ಇನ್ನ ಏಳಂಗಿಲ್ಲ ಅಂತ ತಿಳಕೊಂಡಿದ್ದೆ.

...

ಕೇಳ್ತೇನ್ರಿ?

ಬೀಪ್ ಅಂತು.

ಎದ್ದಿತ್ರಿ ವೈನಿ. ಒಂದ ಫ್ಲಾಪಿಲೆ ಎದ್ದಿತು. ಆ ನಿಮಿಷ... ಬೇಕಾಗೇ ಇರ್ಲಿಲ್ಲ.